ಏಳು ದಿನಗಳ ಲೆಕ್ಕ: ನೋವಿನ ಪ್ರಶ್ನಾವಳಿಯನ್ನು ಟರ್ಕಿಶ್ ಭಾಷೆಗೆ ಒಗ್ಗಿಸಿದ ಬಗೆ

ಮೂರು ತಿಂಗಳು ದಾಟಿದ ನೋವಿನೊಂದಿಗೆ ಜನ ಹೇಗೆ ದಿನ ತಳ್ಳುತ್ತಾರೆ ಎಂದು ಅಳೆಯಲು ನಾವು ಆರಿಸಿಕೊಂಡದ್ದು ಸಿಪಿಸಿಐ-42. ಅಮೆರಿಕದಲ್ಲಿ 1995ರಲ್ಲಿ ಪ್ರಕಟವಾದ 'ಕ್ರಾನಿಕ್ ಪೇನ್ ಕೋಪಿಂಗ್ ಇನ್ವೆಂಟರಿ'ಯನ್ನು 2003ರಲ್ಲಿ ಚಿಕ್ಕದು ಮಾಡಿದ ರೂಪ ಇದು. ಇದರಲ್ಲಿ 42 ವಾಕ್ಯ, 8 ಉಪಮಾಪಕಗಳು (ಒಂದೊಂದು ಬಗೆಯ ನಡವಳಿಕೆ ಅಳೆಯುವ ವಾಕ್ಯಗಳ ಗುಂಪು) ಇವೆ: ನೋವಿನ ಭಾಗವನ್ನು ಜೋಪಾನ ಮಾಡುವುದು, ವಿಶ್ರಾಂತಿ, ಸಹಾಯ ಕೇಳುವುದು, ಮೈಮನ ಸಡಿಲಿಸುವುದು, ನೋವಿದ್ದರೂ ಕೆಲಸ ಬಿಡದಿರುವುದು, ವ್ಯಾಯಾಮ, ತನಗೆ ತಾನೇ ಧೈರ್ಯ ಹೇಳಿಕೊಳ್ಳುವುದು, ಆಪ್ತರ ಆಸರೆ ಹುಡುಕುವುದು. ಪ್ರತಿ ವಾಕ್ಯಕ್ಕೂ ಉತ್ತರ ಒಂದು ಅಂಕಿ. ಏಳು ದಿನಗಳಲ್ಲಿ ಎಷ್ಟು ದಿನ ಹಾಗೆ ಮಾಡಿದಿರಿ, 0ಯಿಂದ 7. ಉಪಮಾಪಕದ ಅಂಕ ಎಂದರೆ ಅದರ ವಾಕ್ಯಗಳ ಸರಾಸರಿ. 42ನ್ನೂ ಕೂಡಿ ಒಂದು ಮೊತ್ತ ತೆಗೆಯಬೇಡಿ. ಜೋಪಾನ ಮಾಡುವುದು ಹೆಚ್ಚಾದಷ್ಟೂ ಸಾಮಾನ್ಯವಾಗಿ ಅಸಾಮರ್ಥ್ಯ ಹೆಚ್ಚು, ಕೆಲಸ ಬಿಡದಿರುವುದು ಅದರ ಎದುರು ದಿಕ್ಕು. ಎರಡನ್ನೂ ಕೂಡಿದರೆ ಬರುವ ಅಂಕಿಗೆ ಅರ್ಥವಿಲ್ಲ.

ಹಕ್ಕುದಾರರಿಂದ ಲಿಖಿತ ಅನುಮತಿ ಸಿಕ್ಕ ಮೇಲೆ ಪ್ರಶ್ನಾವಳಿಯನ್ನು ಬೇರೆ ಭಾಷೆಗೆ ಒಗ್ಗಿಸಲು ಸಂಶೋಧಕರಾದ ಬೀಟನ್ ಮತ್ತು ಸಂಗಡಿಗರು 2000ದಲ್ಲಿ ಕೊಟ್ಟ ಕ್ರಮವನ್ನೇ ಹಿಡಿದೆವು. ಇಂಗ್ಲಿಷಿನಿಂದ ಟರ್ಕಿಶ್‌ಗೆ ಇಬ್ಬರು, ಇಬ್ಬರದೂ ತಾಯ್ನುಡಿ ಟರ್ಕಿಶ್. ಒಬ್ಬರಿಗೆ ಫಿಸಿಯೋಥೆರಪಿ ಗೊತ್ತು, ಇನ್ನೊಬ್ಬರಿಗೆ ಪ್ರಶ್ನಾವಳಿ ಯಾತಕ್ಕೆಂದೂ ಹೇಳಿರಲಿಲ್ಲ. ಈ ಎರಡನೆಯವರ ಅನುವಾದವೇ ರೋಗಿಗಳ ಮಾತಿಗೆ ಹತ್ತಿರ ಬರುವುದು. ಆಮೇಲೆ ಎರಡನ್ನೂ ಕೂಡಿಸಿ, ಮೂಲ ನೋಡದ ಇಬ್ಬರಿಂದ ಮರಳಿ ಇಂಗ್ಲಿಷಿಗೆ ಮಾಡಿಸುವುದು, ತಜ್ಞರ ಸಮಿತಿ, ಕೊನೆಗೆ 30–40 ರೋಗಿಗಳ ಮೇಲೆ ಪರೀಕ್ಷೆ. ಮರುಅನುವಾದ ಮೂಲದಂತೆಯೇ ಬಂತೆಂದು ನೆಮ್ಮದಿಪಡಬೇಡಿ. ಪದಕ್ಕೆ ಪದ ಇಟ್ಟ ಒರಟು ಟರ್ಕಿಶ್ ಎಲ್ಲಕ್ಕಿಂತ ಚೆನ್ನಾಗಿ ಇಂಗ್ಲಿಷಿಗೆ ಮರಳುತ್ತದೆ, ಆದರೆ ರೋಗಿಗೆ ಅದು ತಲೆಗೆ ಹತ್ತುವುದಿಲ್ಲ.

ನಮ್ಮನ್ನು ಹೆಚ್ಚು ಕಾಡಿದ್ದು ಸೂಚನೆಯ ಸಾಲು. ಮೊದಲ ಅನುವಾದದಲ್ಲಿ 'ಗೆಚೆನ್ ಹಫ್ತಾ' ಎಂದಿತ್ತು. ಟರ್ಕಿಶ್‌ನಲ್ಲಿ ಅದನ್ನು ಕೇಳಿದವರು ಹಿಂದಿನ ಸೋಮವಾರದಿಂದ ಭಾನುವಾರದವರೆಗಿನ ವಾರ ಎಂದು ತಿಳಿಯಬಹುದು. ಕನ್ನಡದ 'ಹೋದ ವಾರ'ದಲ್ಲೂ ಇದೇ ತೊಡಕು. ಶುಕ್ರವಾರ ಬಂದ ರೋಗಿ ಹೀಗೆ ಎಣಿಸಿದರೆ ಸೋಮವಾರದಿಂದ ಗುರುವಾರದವರೆಗಿನ ನಾಲ್ಕು ದಿನ ಲೆಕ್ಕದಿಂದ ಬಿಟ್ಟುಹೋಗುತ್ತವೆ. 'ಸೊನ್ ಯೆದಿ ಗ್ಯುನ್', ಅಂದರೆ ಕೊನೆಯ ಏಳು ದಿನ, ಎಂದು ಬದಲಿಸಿ, ಆ ಏಳು ದಿನಗಳ ತಾರೀಖನ್ನು ಹಾಳೆಯ ತಲೆಯಲ್ಲಿ ಪೆನ್ನಿನಿಂದ ಬರೆದುಕೊಡುವ ಪದ್ಧತಿ ಇಟ್ಟೆವು. ಇನ್ನೊಂದು ತಪ್ಪು, ದಿನದ ಬದಲು ಸಲ ಎಣಿಸುವುದು. ಒಂದೇ ದಿನ ಮೂರು ಸಲ ಮಲಗಿದವರು 3 ಎಂದು ಬರೆಯುತ್ತಾರೆ, ಸರಿಯುತ್ತರ 1. ಅದಕ್ಕೆ 'ಕಾಚ್ ಗ್ಯುನ್', ಅಂದರೆ ಎಷ್ಟು ದಿನ, ಎಂಬ ತಲೆಬರಹ ಪ್ರತಿ ಪುಟದಲ್ಲೂ ಇರಬೇಕು.

ಪದಗಳಲ್ಲಿಯೂ ಬಲೆಗಳಿವೆ. ಸ್ನಾಯು ಹಿಗ್ಗಿಸುವುದು 'ಗೆರ್ಮೆ', ಬಿಗುವಾಗಿರುವುದು 'ಗೆರ್ಗಿನ್', ಎರಡಕ್ಕೂ ಒಂದೇ ಧಾತು. ಹಿಗ್ಗಿಸುವ ವ್ಯಾಯಾಮದ ವಾಕ್ಯವನ್ನು ಸ್ನಾಯು ಬಿಗಿ ಮಾಡುವುದೆಂದು ಓದಿಕೊಳ್ಳದಂತೆ ಯಾವ ಅಂಗ, ಹೇಗೆ ಎಂದು ಬಿಡಿಸಿ ಬರೆಯಬೇಕು. 'ದಿನ್ಲೆಮೆಕ್' ಎಂದರೆ ಕೇಳಿಸಿಕೊಳ್ಳುವುದು, 'ದಿನ್ಲೆನ್‌ಮೆಕ್' ಎಂದರೆ ವಿಶ್ರಮಿಸುವುದು. ನಡುವೆ ಇರುವುದು ಒಂದು ಅಕ್ಷರ, ಸಣ್ಣ ಅಚ್ಚಿನಲ್ಲಿ ವಯಸ್ಸಾದವರ ಕಣ್ಣಿಗೆ ಅದು ಬೀಳುವುದಿಲ್ಲ. 14 ಪಾಯಿಂಟಿಗಿಂತ ಚಿಕ್ಕ ಅಕ್ಷರ ಬೇಡ. ಕೆಲಸ ಬಿಡದಿರುವ ವಾಕ್ಯಗಳಿಗೆ 'ಸಬ್ರೆತ್ತಿಮ್', ಸಹಿಸಿಕೊಂಡೆ, ಎಂಬ ಮಾತು ಬಾಯಿಗೆ ತಾನಾಗಿ ಬರುತ್ತದೆ. ನಮ್ಮ 'ಸಬೂರಿ'ಯೂ ಅದೇ ಅರಬ್ಬಿ ಮೂಲದ್ದು. ಆದರೆ ಹಾಸಿಗೆ ಹಿಡಿದು ಮಲಗಿದವರೂ ಸಹಿಸಿಕೊಂಡೆ ಎನ್ನುತ್ತಾರೆ, ಬಟ್ಟೆ ಒಗೆದು ಮುಗಿಸಿದವರೂ ಎನ್ನುತ್ತಾರೆ. 'ಇಶಿಮೆ ದೆವಾಮ್ ಎತ್ತಿಮ್', ಕೆಲಸ ಮುಂದುವರಿಸಿದೆ, ಎಂದು ಬರೆದಾಗ ಮಾತ್ರ ಎಣಿಸುವುದು ಭಾವನೆಯನ್ನಲ್ಲ, ನಡವಳಿಕೆಯನ್ನು ಎಂಬುದು ಸ್ಪಷ್ಟವಾಯಿತು.

ಸಹಾಯ ಕೇಳುವ ಉಪಮಾಪಕವಂತೂ ಭಾಷೆಯ ಪ್ರಶ್ನೆಯೇ ಅಲ್ಲ. ಸೊಸೆ, ಮಗಳು ಕೇಳದೆಯೇ ಚೀಲ ಹೊತ್ತುಕೊಟ್ಟರೆ ರೋಗಿ ಪ್ರಾಮಾಣಿಕವಾಗಿ 0 ಎನ್ನುತ್ತಾರೆ. ವಾಕ್ಯವನ್ನು 'ಸಹಾಯ ಪಡೆದೆ' ಎಂದು ತಿದ್ದೋಣ ಎಂಬ ಮಾತು ಸಮಿತಿಯಲ್ಲಿ ಬಂದೇ ಬರುತ್ತದೆ. ಒಪ್ಪಬೇಡಿ. ಮೂಲ ಅಳೆಯುವುದು ಕೇಳುವುದನ್ನು. ತಿದ್ದಿದರೆ ಬೇರೆ ದೇಶದ ಅಂಕದೊಂದಿಗೆ ಹೋಲಿಸುವ ದಾರಿ ಮುಚ್ಚುತ್ತದೆ. ನಾವು ವಾಕ್ಯ ಹಾಗೇ ಉಳಿಸಿ, ಕೇಳದೆ ಸಿಗುವ ನೆರವಿನ ಬಗ್ಗೆ ಅಂಕಕ್ಕೆ ಸೇರದ ಒಂದು ಪ್ರಶ್ನೆಯನ್ನು ಕೊನೆಯಲ್ಲಿ ಇಟ್ಟೆವು.

ಪರೀಕ್ಷೆಯ ಹಂತದಲ್ಲಿ 'ಅರ್ಥವಾಯಿತೇ?' ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ವಾಕ್ಯವನ್ನು ನಿಮ್ಮ ಮಾತಿನಲ್ಲಿ ಹೇಳಿ, ಈ 4 ಹೇಗೆ ಬಂತು, ಯಾವ್ಯಾವ ದಿನ ಎಂದು ಕೇಳಬೇಕು. ಜೊತೆಗೆ ಬಂದ ಗಂಡ ಅಥವಾ ಮಗ ಉತ್ತರಿಸಲು ಶುರುಮಾಡಿದರೆ ಆ ಹಾಳೆಯನ್ನು ಪಕ್ಕಕ್ಕಿಡಿ.

ಅಂಕಿ-ಅಂಶಕ್ಕೆ ವಾಕ್ಯವೊಂದಕ್ಕೆ ಏಳು ಜನರಂತೆ 294 ಆಗುತ್ತದೆ. ಅರ್ಧ ತುಂಬಿದ ಹಾಳೆಗಳಿಗೂ ಸೇರಿಸಿ 320ಕ್ಕೆ ಯೋಜನೆ ಹಾಕಿ. ಜನ ಹೆಚ್ಚಾಗಿ 0 ಅಥವಾ 7ಕ್ಕೇ ಗುರುತು ಹಾಕುವುದರಿಂದ ಸಾಮಾನ್ಯ ಹಂಚಿಕೆ (ಅಂಕಗಳು ನಡುವೆ ಒತ್ತಾಗಿ, ತುದಿಗಳಲ್ಲಿ ವಿರಳವಾಗಿರುವುದು) ನೆಚ್ಚುವ ವಿಧಾನ ಇಲ್ಲಿ ಸಲ್ಲದು, ಕ್ರಮಸೂಚಕ ದತ್ತಾಂಶಕ್ಕೆ, ಅಂದರೆ ಹೆಚ್ಚು-ಕಡಿಮೆಯ ಕ್ರಮವನ್ನಷ್ಟೇ ನಂಬಬಹುದಾದ ಅಂಕಿಗಳಿಗೆ, ಹೊಂದುವ ಅಂಶ ವಿಶ್ಲೇಷಣೆ (ಯಾವ ವಾಕ್ಯಗಳು ಒಂದು ಗುಂಪಾಗುತ್ತವೆ ಎಂದು ನೋಡುವ ಲೆಕ್ಕ) ಬೇಕು. ಒಂದು ಉಪಮಾಪಕದ ವಾಕ್ಯಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದು ಹೇಳುವ ಕ್ರಾನ್‌ಬಾಕ್ ಆಲ್ಫಾ 0.70ರಿಂದ 0.95ರೊಳಗೆ ಇರಲಿ. ಮೈಮನ ಸಡಿಲಿಸುವ ಉಪಮಾಪಕದಲ್ಲಿ ಅದು ತುಸು ಕೆಳಗೆ ಬಂದರೆ ವಾಕ್ಯ ಕಿತ್ತುಹಾಕಬೇಡಿ; ದೀರ್ಘ ಉಸಿರೆಳೆಯುವವರು ಧ್ಯಾನವನ್ನೂ ಮಾಡಬೇಕೆಂದಿಲ್ಲ.

ಉತ್ತರ ಸ್ಥಿರವೇ ಎಂದು ನೋಡಲು ಅದೇ ರೋಗಿಗೆ ಅದೇ ಹಾಳೆಯನ್ನು ಇನ್ನೊಮ್ಮೆ ಕೊಡುವ ಮರುಪರೀಕ್ಷೆಯ ಅಂತರದಲ್ಲಿ ಬಹಳ ಜನ ಎಡವುತ್ತಾರೆ. ರೂಢಿಯಂತೆ ಎರಡು ವಾರ ಬಿಟ್ಟರೆ ಮೊದಲ ಏಳು ದಿನ, ಎರಡನೆಯ ಏಳು ದಿನ ಪೂರ್ತಿ ಬೇರೆ. ರೋಗಿ ನಿಜಕ್ಕೂ ಬೇರೆಯಾಗಿ ನಡೆದುಕೊಂಡಿರಬಹುದು, ಐಸಿಸಿ (ಎರಡು ಸಲದ ಅಂಕಗಳು ಎಷ್ಟು ಹೊಂದುತ್ತವೆ ಎಂಬ ಅಳತೆ) ಇಳಿಯುತ್ತದೆ, ದೋಷ ಮಾತ್ರ ಪ್ರಶ್ನಾವಳಿಯ ತಲೆಗೆ. ಎರಡೇ ದಿನ ಬಿಟ್ಟರೆ ಹಳೆಯ ಉತ್ತರ ನೆನಪಿರುತ್ತದೆ. ನಾವು ನಾಲ್ಕನೇ ದಿನಕ್ಕೆ ನಿಂತೆವು: ಏಳರಲ್ಲಿ ಮೂರು ದಿನ ಎರಡೂ ಲೆಕ್ಕಕ್ಕೆ ಸೇರುತ್ತವೆ, 42 ಅಂಕಿಗಳನ್ನು ನೆನಪಿಟ್ಟುಕೊಳ್ಳುವುದೂ ಕಷ್ಟ. ಆ ನಡುವೆ ಚಿಕಿತ್ಸೆ ಬದಲಾಗಿದ್ದವರನ್ನು ಈ ಲೆಕ್ಕದಿಂದ ಕೈಬಿಟ್ಟೆವು.