ಮೂರು ಥರ್ಮಾಮೀಟರುಗಳಿಂದ ಅಣುಗಳ ಸೆಳೆತದ ಪಾಠ

ಬಾಗಲಕೋಟೆಯ ಪದವಿಪೂರ್ವ ಕಾಲೇಜೊಂದರಲ್ಲಿ ರಸಾಯನಶಾಸ್ತ್ರ ಕಲಿಸುವ ನಾನು, ಅಣುಗಳ ಧ್ರುವೀಯತೆಯ (ಅಣುವಿನ ಒಂದು ಕಡೆ ತುಸು ಧನ, ಇನ್ನೊಂದು ಕಡೆ ತುಸು ಋಣ ವಿದ್ಯುದಂಶವಿರುವ ಗುಣದ) ಪಾಠವನ್ನು ಈಗ ಬೋರ್ಡಿನ ಮೇಲೆ ಬಾಣ ಬರೆದು ಆರಂಭಿಸುವುದಿಲ್ಲ. ಮೂರು ಥರ್ಮಾಮೀಟರುಗಳ ಬುಡಕ್ಕೆ ಹತ್ತಿ ಸುತ್ತಿ, ಒಂದನ್ನು ನೀರಿನಲ್ಲಿ, ಇನ್ನೊಂದನ್ನು ಎಥನಾಲ್‌ನಲ್ಲಿ, ಮತ್ತೊಂದನ್ನು ಅಸಿಟೋನ್‌ನಲ್ಲಿ ಅದ್ದಿ ತೆಗೆದು ಸ್ಟ್ಯಾಂಡಿಗೆ ತೂಗುಹಾಕುತ್ತೇನೆ. ಮೂರೂ ದ್ರವಗಳು ಮೊದಲೇ ಕೋಣೆಯ ಉಷ್ಣತೆಗೆ ಬಂದಿರಬೇಕು, ಹತ್ತಿಯ ಸುತ್ತು ತೆಳುವಾಗಿ ಒಂದೇ ಸಮನಾಗಿರಬೇಕು, ಕಿಟಕಿಗಳು ತೆರೆದಿರಬೇಕು, ಸುತ್ತಮುತ್ತ ಬೆಂಕಿಯ ಸುಳಿವೂ ಇರಕೂಡದು.

ದ್ರವ ಆವಿಯಾಗುವಾಗ ಶಾಖವನ್ನು ಹೀರಿಕೊಳ್ಳುವುದರಿಂದ ಅಸಿಟೋನ್‌ನ ಥರ್ಮಾಮೀಟರ್ ನೋಡನೋಡುತ್ತಲೇ ಇಳಿಯುತ್ತದೆ. ಎಥನಾಲ್‌ನದು ಅದರ ಹಿಂದೆ, ನೀರಿನದು ಎಲ್ಲಕ್ಕಿಂತ ನಿಧಾನ. ನಮ್ಮ ಕಡೆಯ ಒಣಹವೆಯಲ್ಲಿ ನೀರಿನದೂ ಚೆನ್ನಾಗಿಯೇ ಇಳಿಯುತ್ತದೆ ಎನ್ನಿ, ಮಣ್ಣಿನ ಗಡಿಗೆಯ ನೀರು ತಣ್ಣಗಿರುವುದೂ ಆವಿಯಾಗುವಿಕೆಯಿಂದಲೇ.

ಆಮೇಲೆ ಡೈಪೋಲ್ ಮೊಮೆಂಟ್, ಅಂದರೆ ಧ್ರುವೀಯತೆಯ ಅಳತೆಯನ್ನು, ಡಿಬೈ ಎಂಬ ಮಾನದಲ್ಲಿ ಬರೆಯುತ್ತೇನೆ: ನೀರಿಗೆ 1.85 ಡಿಬೈ, ಅಸಿಟೋನ್‌ಗೆ 2.88 ಡಿಬೈ. ಹಿಂದಿನ ಬೆಂಚಿನಿಂದ ಪ್ರಶ್ನೆ ಬಂದೇ ಬರುತ್ತದೆ: “ಸರ್, ಅಸಿಟೋನ್‌ದ್ದ ಜಾಸ್ತಿ ಐತಲ್ರೀ, ಮತ್ತ ಅದ ಯಾಕ ಜಲ್ದಿ ಹಾರತೈತ್ರಿ?” ನನಗೆ ಬೇಕಾದದ್ದೂ ಈ ಪ್ರಶ್ನೆಯೇ. ಅಸಿಟೋನ್‌ನ ಅಣುತೂಕ 58, ನೀರಿನದು ಬರೀ 18. ಆದರೂ ಅಸಿಟೋನ್ 56 ಡಿಗ್ರಿ ಸೆಲ್ಸಿಯಸ್‌ಗೆ ಕುದಿದರೆ ನೀರು 100ಕ್ಕೆ ಕುದಿಯುತ್ತದೆ. ಅಸಿಟೋನ್‌ನ ಆರೂ ಹೈಡ್ರೋಜನ್‌ಗಳು ಇಂಗಾಲಕ್ಕೆ ಅಂಟಿಕೊಂಡಿರುವುದರಿಂದ ಅದರ ಅಣುಗಳ ನಡುವೆ ಹೈಡ್ರೋಜನ್ ಬಂಧ, ಅಂದರೆ ಒಂದು ಅಣುವಿನ ಹೈಡ್ರೋಜನ್‌ಗೂ ನೆರೆಯ ಅಣುವಿನ ಆಮ್ಲಜನಕಕ್ಕೂ ನಡುವಿನ ಬಲವಾದ ಸೆಳೆತ, ಏರ್ಪಡುವುದಿಲ್ಲ. ನೀರಿನಲ್ಲಿಯಾದರೋ ಆಮ್ಲಜನಕವು ಎಲೆಕ್ಟ್ರಾನ್‌ಗಳನ್ನು ತನ್ನತ್ತ ಎಳೆದುಕೊಂಡು ಹೈಡ್ರೋಜನ್‌ಗಳನ್ನು ಭಾಗಶಃ ಬರಿದಾಗಿಸುತ್ತದೆ. ಹೀಗಾಗಿ ಒಂದೊಂದು ಅಣುವೂ ನೆರೆಯ ಅಣುಗಳೊಡನೆ ನಾಲ್ಕರವರೆಗೆ ಹೈಡ್ರೋಜನ್ ಬಂಧಗಳನ್ನು ಕಟ್ಟಿಕೊಳ್ಳಬಲ್ಲದು. ಒಂದೇ ಓಎಚ್ (ಆಮ್ಲಜನಕ-ಹೈಡ್ರೋಜನ್) ಗುಂಪಿರುವ ಎಥನಾಲ್ 78ರಲ್ಲಿ, ನಡುವೆ ನಿಲ್ಲುತ್ತದೆ.

ಇಷ್ಟಕ್ಕೇ ಬಿಟ್ಟರೆ ಮಕ್ಕಳು ಧ್ರುವೀಯತೆ ಇಲ್ಲದಲ್ಲಿ ಸೆಳೆತವೇ ಇಲ್ಲವೆಂದು ಬರೆದುಬಿಡುತ್ತಾರೆ. ಅದಕ್ಕಾಗಿ ಕ್ಲೋರೋಫಾರ್ಮ್ ಮತ್ತು ಕಾರ್ಬನ್ ಟೆಟ್ರಾಕ್ಲೋರೈಡ್‌ಗಳನ್ನು ಹೋಲಿಸುತ್ತೇನೆ, ಬೋರ್ಡಿನ ಮೇಲೆ ಮಾತ್ರ, ಏಕೆಂದರೆ ಈ ವಿಷಗಳ ಬಾಟಲಿಯನ್ನು ತರಗತಿಯಲ್ಲಿ ತೆರೆಯುವುದು ನನಗೆ ಒಪ್ಪಿಗೆಯಿಲ್ಲ. ಕಾರ್ಬನ್ ಟೆಟ್ರಾಕ್ಲೋರೈಡ್‌ನ ನಾಲ್ಕು ಬಂಧಗಳೂ ಧ್ರುವೀಯವೇ, ಆದರೆ ನಾಲ್ಕೂ ಕಡೆಗೆ ಸಮಬಲದ ಎತ್ತುಗಳನ್ನು ಹೂಡಿದ ಬಂಡಿಯಂತೆ ಎಳೆತವೆಲ್ಲ ವಜಾ ಆಗಿ ಡೈಪೋಲ್ ಮೊಮೆಂಟ್ ಸೊನ್ನೆಯಾಗುತ್ತದೆ. ಆದರೂ ಅದು ಕುದಿಯುವುದು ಸುಮಾರು 77 ಡಿಗ್ರಿಗೆ, ಧ್ರುವೀಯವಾದ ಕ್ಲೋರೋಫಾರ್ಮ್ 61ಕ್ಕೇ ಕುದಿಯುತ್ತದೆ. ಹೈಡ್ರೋಜನ್‌ನ ಜಾಗಕ್ಕೆ ಇನ್ನೊಂದು ಕ್ಲೋರಿನ್ ಬಂದಾಗ ಎಲೆಕ್ಟ್ರಾನ್‌ಗಳು ಹೆಚ್ಚುತ್ತವೆ. ಅವು ಕ್ಷಣಕ್ಷಣಕ್ಕೂ ಅತ್ತಿತ್ತ ವಾಲುವುದರಿಂದ ಅಣುಗಳ ನಡುವೆ ಹುಟ್ಟುವ ‘ಲಂಡನ್ ಬಲ’ ಎಂಬ ಸೆಳೆತವೂ ಹೆಚ್ಚುತ್ತದೆ. ಈ ಬಲವನ್ನು ಪಾಠದ ಕೊನೆಯ ಐದು ನಿಮಿಷಕ್ಕೆ ತಳ್ಳುವ ರೂಢಿಯನ್ನು ನಾನು ಒಪ್ಪುವುದಿಲ್ಲ. ಅದಕ್ಕೆ ಒಂದು ಪೂರ್ತಿ ಪೀರಿಯಡ್ ಕೊಡುತ್ತೇನೆ.