ಟಪಾಲು ಲೈನಿಗೆ ಬ್ಯಾಟರಿ ಗಾಡಿ: ನನ್ನ ಅನುಭವ

ಹುಬ್ಬಳ್ಳಿ–ಧಾರವಾಡ ನಡುವೆ ಅಂಚೆ ಇಲಾಖೆಯ ಗುತ್ತಿಗೆಯಲ್ಲಿ ಟಪಾಲು ಚೀಲ, ಪಾರ್ಸೆಲ್ ಸಾಗಿಸುವ ನನ್ನ ಗಾಡಿಗಳೆಲ್ಲ ಈಗ ಬ್ಯಾಟರಿಯ ಮೇಲೆ ಓಡುತ್ತಿವೆ. ಎರಡು ಮಳೆಗಾಲ ದಾಟಿವೆ. ತಡವಾಗಿದ್ದಕ್ಕೆ ಬೀಳುವ ದಂಡ ಡೀಸೆಲ್ ಕಾಲಕ್ಕಿಂತ ಕಡಿಮೆಯಾಗಿದೆ. ಟೆಂಡರ್ ಹಾಕುವಾಗ ಒಬ್ಬರೂ ನಂಬಿರಲಿಲ್ಲ. ನನಗಿಂತ ಹಳಬರಾದ ಒಬ್ಬ ಗುತ್ತಿಗೆದಾರ ಕಾಕಾ, "ಏ ತಮ್ಮಾ, ಚೀಲ ಹೇರಿದ ಮ್ಯಾಲೆ ಅದು ನವಲೂರ ಏರು ಹತ್ತೂದಿಲ್ಲ. ಠೇವಣಿ ಕಳಕೋತಿ ನೋಡು" ಅಂದಿದ್ದರು. (ನವಲೂರು ಏರು ಇರುವುದು ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ದಾರಿಯಲ್ಲಿ.) ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಈ ಕೆಲಸ ಹೆಚ್ಚಾಗಿದ್ದು 2023ರಲ್ಲಿ. ಆ ವರ್ಷ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ ರದ್ದಾಯಿತು. ಹಳೇ ವ್ಯಾನ್‌ಗಳು ಮೂಲೆ ಸೇರಿದವು, ಬಾಡಿಗೆ ಗಾಡಿಗೆ ಬೇಡಿಕೆ ಬಂತು. ನಾನು ಎಲ್5 ವರ್ಗದ, ಅಂದರೆ ಇ–ರಿಕ್ಷಾಕ್ಕಿಂತ ವೇಗವಾಗಿ ಓಡುವ, ಮೂರು ಚಕ್ರದ ಬ್ಯಾಟರಿ ಗೂಡ್ಸ್ ಗಾಡಿಗಳಿಗೆ ರೇಟ್ ಹಾಕಿದೆ. ಕಾಗದ ನೋಡುವವರು ಪರ್ಮಿಟ್ ಎಲ್ಲಿ ಅಂತ ಕೇಳಿದರು. ಬ್ಯಾಟರಿ ಗಾಡಿಗೆ ಪರ್ಮಿಟ್ ಬೇಡ ಅಂತ ಕೇಂದ್ರ ಸರ್ಕಾರ 2018ರ ಅಕ್ಟೋಬರ್‌ನಲ್ಲೇ ಅಧಿಸೂಚನೆ ಹೊರಡಿಸಿದೆ. ಅದರ ಪ್ರತಿಯನ್ನು ಟೆಂಡರ್ ಕಾಗದದ ಜೊತೆಗೇ ಲಗತ್ತಿಸಿ, ಓಡಾಟ ಉಳಿಯುತ್ತದೆ.

ಎಲ್ಲರೂ ರೇಂಜ್ ರೇಂಜ್ (ಒಂದು ಚಾರ್ಜ್‌ಗೆ ಓಡುವ ದೂರ) ಅಂತಾರೆ. ನನಗೆ ನಿಜವಾಗಿ ಕಷ್ಟ ಕೊಟ್ಟಿದ್ದು ಸಾಲ. ಮೊದಲು ಹೋದ ಬ್ಯಾಂಕ್, ಹಳೇ ಬ್ಯಾಟರಿ ಗಾಡಿಗೆ ಮಾರ್ಕೆಟ್ ಇಲ್ಲ ಅಂತ ಕೈ ಎತ್ತಿತು. ಒಂದು ಫೈನಾನ್ಸ್ ಕಂಪನಿ ಒಪ್ಪಿತು. ಆದರೆ ಬಡ್ಡಿ 17ರ ಹತ್ತಿರ, ಮೂರೇ ವರ್ಷ ಅವಧಿ, ಕಾಲು ಭಾಗ ಕೈಯಿಂದ. ಗಾಡಿ ರಸ್ತೆಗೆ ಬರುವಷ್ಟರಲ್ಲಿ ಮೂರೂವರೆ ಲಕ್ಷ ಚಿಲ್ಲರೆ ಆಯಿತು. ಕಂತು ಒಂದಕ್ಕೆ ಒಂಬತ್ತೂವರೆ ಸಾವಿರ. ಡೀಸೆಲ್ ಗಾಡಿಗಾದರೆ ಏಳು ಸಾವಿರದಲ್ಲಿ ಮುಗಿಯುತ್ತಿತ್ತು. ಫೇಮ್‌–2 ಸಬ್ಸಿಡಿ (ಬ್ಯಾಟರಿ ಗಾಡಿಗೆ ಕೇಂದ್ರ ಸರ್ಕಾರ ಕೊಡುತ್ತಿದ್ದ ಸಹಾಯಧನ) ಇದ್ದಿದ್ದರಿಂದ ಬಚಾವ್. ಬ್ಯಾಟರಿ ಹಿಡಿಯುವ ಪ್ರತಿ ಯೂನಿಟ್, ಅಂದರೆ ಕಿಲೋವ್ಯಾಟ್ ಅವರ್‌ಗೆ 10,000 ರೂಪಾಯಿ ಲೆಕ್ಕದಲ್ಲಿ ಬೆಲೆಯಲ್ಲೇ 70 ಸಾವಿರದ ಮೇಲೆ ಇಳಿದಿತ್ತು. ಆ ಯೋಜನೆ 2024ರ ಮಾರ್ಚ್‌ಗೆ ಮುಗಿಯಿತು. ಆಮೇಲೆ ತಗೊಂಡ ಗಾಡಿಗಳಿಗೆ ಸಿಕ್ಕಿದ್ದು ಅದರ ಅರ್ಧ.

ಇನ್ನು ಓಡಿಸುವ ಖರ್ಚು. ನಮ್ಮ ಗಾಡಿ ದಿನಕ್ಕೆ 85–90 ಕಿಲೋಮೀಟರ್ ಓಡುತ್ತದೆ. ಡೀಸೆಲ್‌ನಲ್ಲಿ ಕಿಲೋಮೀಟರ್‌ಗೆ ಮೂರು ರೂಪಾಯಿ ದಾಟುತ್ತಿತ್ತು. ಈಗ 60–65 ಪೈಸೆ. ಒಂದು ಗಾಡಿಗೆ ತಿಂಗಳಿಗೆ ಐದೂವರೆ ಸಾವಿರದ ಆಸುಪಾಸು ಉಳಿತಾಯ. ಆಯಿಲ್, ಫಿಲ್ಟರ್, ಕ್ಲಚ್ ಪ್ಲೇಟ್ ಖರ್ಚು ಬೇರೆ ಇಲ್ಲ. ಕಂತಿನ ವ್ಯತ್ಯಾಸ ಕಳೆದರೂ ಮೊದಲ ತಿಂಗಳಿಂದಲೇ ಲಾಭ, ಸಾಲ ತೀರಿದ ಮೇಲೆ ಕೇಳುವುದೇ ಬೇಡ.

ಕಂಪನಿಯವರು ಹೇಳಿದ ರೇಂಜ್ 120ರ ಮೇಲೆ. ಚೀಲ ಹೇರಿ ಓಡಿಸಿದರೆ ಸಿಗುವುದು 75–80. ಹಾಗಿದ್ದರೆ 90 ಹೇಗೆ ಓಡುತ್ತದೆ? ಟಪಾಲು ಲೈನಿನ ಗುಣವೇ ಅದಕ್ಕೆ ಉತ್ತರ. ದಿನಾ ಅದೇ ರಸ್ತೆ, ಅದೇ ಸಮಯ, ಅದೇ ನಿಲುಗಡೆ. ಬೆಳಗಿನ ಚೀಲ ಇಳಿಸಿದ ಮೇಲೆ ಸಂಜೆ ಚೀಲ ಕಟ್ಟುವವರೆಗೆ ಗಾಡಿ ಸುಮ್ನೆ ನಿಂತಿರುತ್ತದೆ. ಡೀಸೆಲ್ ಕಾಲದಲ್ಲಿ ಆ ಹೊತ್ತಿಗೆ ಬೆಲೆಯೇ ಇರಲಿಲ್ಲ. ನಾನು ಗಾಡಿ ಕೊಳ್ಳುವ ಮೊದಲೇ ಎಲ್ಲಾ ಲೈನಿನ ಬಿಡುವನ್ನು ಒಂದು ಹಾಳೆಯಲ್ಲಿ ಬರೆದು ಅಂಟಿಸಿದೆ. ಎರಡೂವರೆ ಗಂಟೆ ಬಿಡುವು ಸಿಕ್ಕರೆ ಅರ್ಧಕ್ಕಿಂತ ಜಾಸ್ತಿ ಚಾರ್ಜ್ ತುಂಬುತ್ತದೆ. ಗಾಡಿ ಬಂದ ತಕ್ಷಣ ಪ್ಲಗ್ ಹಾಕಿಸುವುದಿಲ್ಲ. ಮೊದಲು ನೆರಳಲ್ಲಿ ಸ್ವಲ್ಪ ಹೊತ್ತು ತಣ್ಣಗಾಗಬೇಕು. ಏಪ್ರಿಲ್, ಮೇ ಬಿಸಿಲಲ್ಲಂತೂ ಇದನ್ನು ತಪ್ಪಿಸಲೇಬೇಡಿ.

ಧಾರವಾಡ ಹುಬ್ಬಳ್ಳಿಗಿಂತ ಎತ್ತರದಲ್ಲಿದೆ, ನಿಮಗೆ ಗೊತ್ತಲ್ಲ. ರಾತ್ರಿ ಧಾರವಾಡದಲ್ಲಿ ನಿಲ್ಲುವ ಗಾಡಿಯನ್ನು ನಾನು ಪೂರ್ತಿ ಚಾರ್ಜ್ ಮಾಡಿಸುವುದಿಲ್ಲ, ಶೇ 90ಕ್ಕೆ ನಿಲ್ಲಿಸುತ್ತೇನೆ. ಬ್ಯಾಟರಿ ತುಂಬಿದ್ದರೆ ಇಳಿಜಾರಿನಲ್ಲಿ ಬ್ರೇಕ್‌ನಿಂದ ವಾಪಸ್ ಬರುವ ಕರೆಂಟ್‌ಗೆ ಜಾಗ ಇರುವುದಿಲ್ಲ. ಹುಬ್ಬಳ್ಳಿಯಿಂದ ಹೊರಡುವ ಗಾಡಿಗೆ ಮಾತ್ರ ನೂರಕ್ಕೆ ನೂರು. ನವಲೂರು ಏರಿನಲ್ಲಿ ವೇಗ ಇಳಿಯುತ್ತದೆ, ನಿಜ. ಆದರೆ ಹತ್ತುತ್ತದೆ. ಪಾರ್ಸೆಲ್ ಜಾಗ ತಿನ್ನುತ್ತದೆಯೇ ಹೊರತು ಅಷ್ಟು ಭಾರ ಇರುವುದಿಲ್ಲ. ಸಿಮೆಂಟ್ ಹೇರುವವರ ಲೆಕ್ಕವನ್ನು ನಮ್ಮ ಲೈನಿಗೆ ಹಾಕಬಾರದು.

ಸೋತಿದ್ದೂ ಇದೆ. ಪ್ರಯೋಗಕ್ಕೆ ಅಂತ ಮೊದಲು ಬಾಡಿಗೆಗೆ ತಂದ ಲೆಡ್ ಆಸಿಡ್ (ಸೀಸದ ಹಳೇ ಮಾದರಿ) ಬ್ಯಾಟರಿಯ ಗಾಡಿ ಕೆಲವೇ ತಿಂಗಳಲ್ಲಿ ಸುಸ್ತಾಯಿತು. ಹೇಳಿದ ದೂರದ ಅರ್ಧವೂ ಓಡಲಿಲ್ಲ. ಲಿಥಿಯಂ ಬ್ಯಾಟರಿಯ ಗಾಡಿ ಬಂದ ಮೇಲೆ ಮೊದಲ ಮಳೆಗಾಲದಲ್ಲೇ ಒಂದರ ಕಂಟ್ರೋಲರ್ (ಮೋಟರ್‌ಗೆ ಹೋಗುವ ಕರೆಂಟ್ ಹಿಡಿತದಲ್ಲಿಡುವ ಭಾಗ) ಹೋಯಿತು. ಬಿಡಿಭಾಗ ಬರಲು ಡೀಲರ್ ಎರಡು ವಾರದ ಮೇಲೆ ತೆಗೆದುಕೊಂಡರು. ಅಷ್ಟು ದಿನ ಬದಲಿ ಗಾಡಿಯ ಬಾಡಿಗೆ ನನ್ನ ಜೇಬಿನಿಂದ. ಈಗ ಬದಲಿಗೆ ಅಂತ ಒಂದು ಹಳೇ ಡೀಸೆಲ್ ಗಾಡಿಯನ್ನು ಸುಸ್ಥಿತಿಯಲ್ಲಿ ಇಟ್ಟುಕೊಂಡಿದ್ದೇನೆ. ಕಂಟ್ರೋಲರ್ ಕನೆಕ್ಟರ್‌ಗೆ ನೀರು ಹೋಗದ ಹಾಗೆ ಒಂದು ಉಪಾಯವನ್ನೂ ಮಾಡಿದ್ದೇನೆ. ಅದು ನಮ್ಮ ಮೆಕ್ಯಾನಿಕ್ ಹುಡುಗನ ಕೈಚಳಕ, ಅವನನ್ನು ಕೇಳದೆ ಹೇಳಲಾರೆ. ಚಾಲಕರಿಗೆ ಯಾವ ಲೆಕ್ಕದಲ್ಲಿ ಬೋನಸ್ ಕೊಡುತ್ತೇನೆ ಅನ್ನೋದನ್ನೂ ಹೇಳುವುದಿಲ್ಲ. ಮುಂದಿನ ಟೆಂಡರ್‌ಗೆ ನಾನೂ ರೇಟ್ ಹಾಕಬೇಕಲ್ವಾ?

ಚಾರ್ಜಿಂಗ್‌ಗೆ ಬೇರೆ ಮೀಟರ್ ತಗೊಳ್ಳಿ. ಅಂಗಡಿ ಮೀಟರ್‌ನಲ್ಲಿ ಯೂನಿಟ್ ದುಬಾರಿ. ನಮ್ಮಲ್ಲಿ ಬ್ಯಾಟರಿ ಗಾಡಿ ಚಾರ್ಜಿಂಗ್‌ಗೆ ಬೇರೆ ದರ ಇದೆ, ಯೂನಿಟ್‌ಗೆ 5 ರೂಪಾಯಿ ಆಸುಪಾಸು. ಅರ್ಥಿಂಗ್‌ಗೆ ಜಿಪುಣತನ ಬೇಡ. ಅರ್ಥಿಂಗ್ ಸರಿ ಇಲ್ಲದಿದ್ದರೆ ಚಾರ್ಜರ್ ಶುರುವೇ ಆಗುವುದಿಲ್ಲ, ನೀವು ಗಾಡಿಯನ್ನು ಬೈಯುತ್ತೀರಿ.

ನಡುವೆ ಒಂದು ಗಾಡಿಯ ಮೇಲೆ ಸೋಲಾರ್ ಪ್ಯಾನಲ್ ಕೂರಿಸಿ ನೋಡಿದೆ. ಒಳ್ಳೇ ಬಿಸಿಲಿದ್ದ ದಿನ ಐದಾರು ಕಿಲೋಮೀಟರ್ ಜಾಸ್ತಿ ಸಿಕ್ಕಿತು. ಆದರೆ ಧೂಳು ಒರೆಸಬೇಕು, ಗಾಡಿ ಬಿಸಿಲಲ್ಲೇ ನಿಲ್ಲಬೇಕು. ಬಿಸಿಲಲ್ಲಿ ನಿಂತರೆ ಬ್ಯಾಟರಿ ಬಿಸಿಯಾಗುತ್ತದೆ. ತೆಗೆದು ಶೆಡ್ ದೀಪಕ್ಕೆ ಹಾಕಿದೆ. ಅದಕ್ಕಿಂತ ದೊಡ್ಡ ಲಾಭ ಕೊಟ್ಟಿದ್ದು ಹಿಂದಿನ ಪೆಟ್ಟಿಗೆ. ಕಬ್ಬಿಣದ ಪೆಟ್ಟಿಗೆ ತೆಗೆಸಿ, ಆರ್‌ಟಿಒ ಒಪ್ಪಿಗೆ ಸಮೇತ ಅಲ್ಯೂಮಿನಿಯಂದು ಮಾಡಿಸಿದೆ. ನೂರು ಕಿಲೋ ಹತ್ತಿರ ತೂಕ ಇಳಿಯಿತು, ಏಳೆಂಟು ಕಿಲೋಮೀಟರ್ ರೇಂಜ್ ಏರಿತು. ಮಾಡಿದ ಖರ್ಚಿಗೆ ಇಷ್ಟು ಬೇಗ ಫಲ ಕೊಟ್ಟಿದ್ದು ಬೇರೊಂದಿಲ್ಲ.

ಎರಡನೇ ಸಲ ಸಾಲಕ್ಕೆ ಹೋದಾಗ ಒಂದು ವರ್ಷದ ಲಾಗ್ ಬುಕ್, ಕರೆಂಟ್ ಬಿಲ್, ಇಲಾಖೆಯಿಂದ ಹಣ ಜಮಾ ಆದ ಪಾಸ್‌ಬುಕ್ ಎಲ್ಲಾ ಮೇಜಿನ ಮೇಲೆ ಇಟ್ಟೆ. ಬಡ್ಡಿ 13ಕ್ಕೆ ಇಳಿಯಿತು, ಅವಧಿ ನಾಲ್ಕು ವರ್ಷ ಆಯಿತು. ಹಾಗಾಗಿ ಮೊದಲ ಗಾಡಿಯ ದಿನದಿಂದಲೇ ಲೆಕ್ಕ ಬರೆದಿಡಿ. ಆ ಕಾಕಾ ಕೂಡ ಹೋದ ದೀಪಾವಳಿಗೆ ಎರಡು ಬ್ಯಾಟರಿ ಗಾಡಿ ತಗೊಂಡರು. ಅವರ ಶೆಡ್‌ನಲ್ಲಿ ಚಾರ್ಜಿಂಗ್ ಪಾಯಿಂಟ್ ಹಾಕಿಸಲು ನಾನೇ ಹೋಗಿ ನಿಂತಿದ್ದೆ.

ಕಲಘಟಗಿ ಲೈನ್ ನನಗೆ ಸಿಕ್ಕಿದ್ದು ಈಚೆಗೆ. ಅಲ್ಲಿ ಮಾತ್ರ ಸದ್ಯ ಬಾಡಿಗೆಯ ಡೀಸೆಲ್ ಗಾಡಿ ಓಡುತ್ತಿದೆ. ದೂರಕ್ಕಿಂತ ಆ ತುದಿಯಲ್ಲಿ ಪ್ಲಗ್ ಇಲ್ಲದ್ದೇ ತೊಡಕು. ಗಾಡಿ ನಿಲ್ಲುವ ಜಾಗದ ಮಾಲೀಕರ ಹತ್ತಿರ 15 ಆಂಪಿಯರ್ ಪಾಯಿಂಟ್‌ಗೆ ಮಾತಾಡುತ್ತಿದ್ದೇನೆ. ಮೀಟರ್ ಠೇವಣಿ ನಾನೇ ಕಟ್ಟುತ್ತೇನೆ ಅಂದಿದ್ದೇನೆ.