ಒಣ ಗೋಕಟ್ಟೆಯಲ್ಲಿ ಸಿಗಡಿ: ನನ್ನ ಅನುಭವ

ಚಿತ್ರದುರ್ಗದ ಗೋಕಟ್ಟೆಯಲ್ಲಿ ಸಿಗಡಿ ಇದೆ ಅಂದರೆ ಯಾರು ನಂಬುತ್ತಾರೆ? ತಿನ್ನುವ ಸಿಗಡಿಯಲ್ಲ, ಮಳೆ ನೀರಿನ ಗುಂಡಿಯಲ್ಲಿ ಹುಟ್ಟುವ ಫೇರಿ ಶ್ರಿಂಪ್ ಅನ್ನೋ ಪುಟ್ಟ ಜೀವಿ. ನಮ್ಮ ಹಕ್ಕಿ ನೋಡುವ ಗೆಳೆಯರೂ ನಂಬಲಿಲ್ಲ. ‘ಮೊದಲು ಕಟ್ಟೆಯಲ್ಲಿ ನೀರಿದೆಯಾ ನೋಡಪ್ಪ’ ಅಂದರು. ಕೊನೆಗೆ ಟಬ್ ಸಮೇತ ತೋರಿಸಿದೆ. ಅದಕ್ಕೆ ಮೂರು ವರ್ಷ ಹಿಡಿಯಿತು ಅನ್ನೋದು ಬೇರೆ ಮಾತು.

ಜೋಗಿಮಟ್ಟಿ ಬೆಟ್ಟದ ಬುಡದಲ್ಲಿ, ಕಾಡು ಮುಗಿದು ಹೊಲ ಶುರುವಾಗುವ ಕಡೆ ಈ ಕಟ್ಟೆ ಇದೆ. ಗೋಮಾಳದ ಜಾಗ, ಹಾಗಾಗಿ ಪರ್ಮಿಷನ್ ತಾಪತ್ರಯ ಇಲ್ಲ. ಯಾವ ಊರು ಅಂತ ಮಾತ್ರ ಕೇಳಬೇಡಿ. ತುಂಬಿದಾಗ ಮೂವತ್ತು ಹೆಜ್ಜೆ ಉದ್ದ, ಇಪ್ಪತ್ತು ಹೆಜ್ಜೆ ಅಗಲ, ನಡುವೆ ಎದೆಮಟ್ಟ ನೀರು. ಒಂದು ದಂಡೆಗೆ ಹೊಂಗೆ, ಇನ್ನೊಂದಕ್ಕೆ ಮುತ್ತುಗ. ನನ್ನ ಪದ್ಧತಿ ಸುಲಭ. ಪ್ರತಿ ಭಾನುವಾರ ಅದೇ ಕಲ್ಲಿನ ಮೇಲೆ ಒಂದು ಗಂಟೆ. ಕೋಲಿನಲ್ಲಿ ನೀರಿನ ಮಟ್ಟ, ಆಮೇಲೆ ಬಿಸಿ, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಲೆಕ್ಕ). ಆಮೇಲೆ ಟೀ ಸೋಸುವ ಜಾಲರಿಯನ್ನು ಉದ್ದ ಕೋಲಿಗೆ ಕಟ್ಟಿ ಇಪ್ಪತ್ತು ಸಲ ಬಾಚುವುದು, ಬಂದದ್ದನ್ನು ಬಿಳಿ ತಟ್ಟೆಗೆ ಹಾಕಿ ಎಣಿಸುವುದು. ಬೆಳಕು ಹರಿಯುವ ಮುಂಚೆ ಹೋಗುವುದಿಲ್ಲ. ಕರಡಿ ಕಾಟ ನಿಮಗೆ ಗೊತ್ತೇ ಇದೆ.

2022ರಲ್ಲಿ ಶುರು ಮಾಡಿದೆ. ವಾಣಿವಿಲಾಸ ಸಾಗರ 1933ರ ನಂತರ ಮೊದಲ ಸಲ ಕೋಡಿ ಬಿದ್ದ ವರ್ಷ ಅದು. ಅಳತೆ ಕೋಲು ಎರಡು ಸಲ ಕೊಚ್ಚಿಕೊಂಡು ಹೋಯಿತು. ಅದಕ್ಕಿಂತ ದೊಡ್ಡ ಹೊಡೆತ ಮೀನಿನದು. ಸೊಳ್ಳೆ ಕಡಿಮೆಯಾಗಲಿ ಅಂತ ಯಾರೋ ಬಂದು ಗಂಬೂಸಿಯಾ ಅನ್ನೋ, ಸೊಳ್ಳೆ ಮರಿ ತಿನ್ನುವ ಮೀನು ಬಿಟ್ಟು ಹೋಗಿದ್ದರು. ನನಗೆ ಗೊತ್ತಾಗಿದ್ದು ಜುಲೈನಲ್ಲಿ. ಜಾಲರಿಗೆ ಬರೀ ಮೀನು. ಗೊದ್ದಮೊಟ್ಟೆಗಳ ಬಾಲವೆಲ್ಲ ಕಚ್ಚಿ ಹರಿದಿತ್ತು. ಆ ವರ್ಷದ ನೋಟ್‌ಬುಕ್ಕಿನಲ್ಲಿ ಓದುವಂಥದ್ದು ಏನೂ ಇಲ್ಲ.

ಅದೇ ವರ್ಷ ದುಡ್ಡೂ ಕಳೆದುಕೊಂಡೆ. ನೀರಿನ ಆಮ್ಲಜನಕ ಅಳೆಯುವ ಮೀಟರ್ ಸುಮಾರು 14,000ಕ್ಕೆ ತರಿಸಿದೆ. ಅದರ ಪ್ರೋಬನ್ನು ಒಣಗಲು ಬಿಡಬಾರದು. ಮದುವೆ ಸೀಸನ್ನಿನಲ್ಲಿ ಒಂದು ತಿಂಗಳು ಮರೆತೆ, ಸತ್ತು ಹೋಯಿತು. ಮಾರಿದವರು ಫೋನೇ ಎತ್ತಲಿಲ್ಲ. ಕೊನೆಗೆ ಕೆಲಸಕ್ಕೆ ಬಂದಿದ್ದು 250 ರೂಪಾಯಿಯ ಟಿಡಿಎಸ್ ಮೀಟರ್, 60 ರೂಪಾಯಿಯ ಜಾಲರಿ, ಮತ್ತೆ ಒಂದು ಸೆಕೆಂಡ್ ಹ್ಯಾಂಡ್ ಮೈಕ್ರೋಸ್ಕೋಪ್. ಅದಕ್ಕೆ ನಾಲ್ಕೂವರೆ ಸಾವಿರವೋ ಏನೋ ಕೊಟ್ಟಿದ್ದೆ. ಸ್ಟೀಲ್ ತಟ್ಟೆಗೆ ಕಪ್ಪು ಬಿಳಿ ಬಳಿದು ನೀರಿನ ತಿಳಿ ಅಳೆಯಲು ಹೋದದ್ದೂ ದಂಡ. ಎಮ್ಮೆ ಇಳಿದ ಮೇಲೆ ನಾಲ್ಕು ಬೆರಳು ಆಳದಲ್ಲೂ ತಟ್ಟೆ ಕಾಣುವುದಿಲ್ಲ.

2023 ಬರ. ಮೊಣಕಾಲು ನೀರೂ ನಿಲ್ಲಲಿಲ್ಲ, ಡಿಸೆಂಬರ್‌ಗೆಲ್ಲ ಕಟ್ಟೆ ಬಣಬಣ. ‘ಇನ್ನಾದರೂ ಪುಸ್ತಕ ಮುಚ್ಚು’ ಅಂದರು ಎಲ್ಲರೂ. ನಾನು ಮಾತ್ರ ಭಾನುವಾರ ಬಿಡಲಿಲ್ಲ. ಹಟ ಅನ್ನಿ, ಹುಚ್ಚು ಅನ್ನಿ. ನೆಲ ಎರಡು ಬೆರಳು ಅಗಲಕ್ಕೆ ಬಿರುಕು ಬಿಟ್ಟಿತ್ತು. ಸ್ಕೇಲ್ ಇಳಿಸಿದರೆ ಇಪ್ಪತ್ತು ಸೆಂಟಿಮೀಟರ್‌ಗೂ ತಳ ಸಿಗಲಿಲ್ಲ. ಟಾರ್ಚ್ ಬಿಟ್ಟು ನೋಡಿದರೆ ಒಳಗೆ ಎರಡು ಕಣ್ಣು. ನೆಲಗಪ್ಪೆ. ಗಂಟಲು ಮಾತ್ರ ಮೆಲ್ಲಗೆ ಆಡುತ್ತಿತ್ತು. ಒಂದು ತಿಂಗಳಾದ ಮೇಲೂ ಅದೇ ಬಿರುಕಿನಲ್ಲಿ ಒಂದು ಕೂತಿತ್ತು. ಅದೇ ಕಪ್ಪೆ ಅಂತ ಆಣೆ ಮಾಡಲಾರೆ.

ಆಗ ಹೊಳೆಯಿತು. ಕಟ್ಟೆ ಒಣಗಿದೆ ಅಂದರೆ ಮೀನೂ ಸತ್ತಿದೆ. ಬರವೇ ಕಟ್ಟೆಯನ್ನು ತೊಳೆದು ಕೊಟ್ಟಿದೆ. ಮೀನು ಬರುವ ಮುಂಚಿನ ಸಿಗಡಿ ಮೊಟ್ಟೆಗಳು ಮಣ್ಣಿನಲ್ಲಿ ಇನ್ನೂ ಇರಬೇಕಲ್ವಾ? ಫೇರಿ ಶ್ರಿಂಪ್ ಮೊಟ್ಟೆ ಒಣ ಮಣ್ಣಿನಲ್ಲಿ ವರ್ಷಗಟ್ಟಲೆ ಕಾಯುತ್ತದೆ. ಮೇಲಿನ ತೆಳು ಪದರ ಕೆರೆದು ಎರಡು ಹಾರ್ಲಿಕ್ಸ್ ಬಾಟಲಿ ತುಂಬಿ ತಂದೆ. ಕಟ್ಟೆಯ ಯಾವ ಭಾಗದ ಮಣ್ಣು, ಹದ ಹೇಗೆ ಮಾಡಿದೆ ಅನ್ನೋದು ನನ್ನ ಹತ್ತಿರವೇ ಇರಲಿ. ಎರಡು ಬೇಸಿಗೆ ಒದ್ದಾಡಿ ಕಲಿತದ್ದು ಅದು.

2024ರ ಏಪ್ರಿಲ್‌ನಲ್ಲಿ ಟಬ್‌ಗೆ ಮಣ್ಣು ಹಾಕಿ ಬೋರ್ ನೀರು ಬಿಟ್ಟೆ. ಹತ್ತು ದಿನ ಕಾದರೂ ಸೊಳ್ಳೆ ಮರಿ ಬಿಟ್ಟು ಏನೂ ಇಲ್ಲ. ಮನೆಯಲ್ಲಿ ಬೈಗುಳ. ನಮ್ಮ ಬೋರ್ ನೀರಿನ ಟಿಡಿಎಸ್ 900ರ ಆಸುಪಾಸು. ಮೊಟ್ಟೆಗೆ ಬೇಕಾದದ್ದು ಮಳೆಯಂಥ ಸಪ್ಪೆ ನೀರು. ಅದು ತಾಕಿದರೆ ಮಳೆ ಬಂತು ಅಂತ ಏಳುತ್ತದೆ. ಶುದ್ಧ ನೀರಿನ ಘಟಕದಿಂದ ಐದು ರೂಪಾಯಿಗೆ ಒಂದು ಕ್ಯಾನ್ ತಂದು ಎರಡನೇ ಬಾಟಲಿಯ ಮಣ್ಣಿಗೆ ಸುರಿದೆ. ಮೂರನೇ ದಿನ ಬೆಳಿಗ್ಗೆ ಮೊಬೈಲ್ ಲೈಟ್ ಹಿಡಿದರೆ, ರವೆಗಿಂತ ಸಣ್ಣ ಚುಕ್ಕೆಗಳು ಜಿಗ್ ಜಿಗ್ ಅಂತ ಬೆಳಕಿನ ಕಡೆ ಬರುತ್ತಿವೆ!

ಎರಡು ವಾರಕ್ಕೆ ಉಗುರಿನುದ್ದ ಆದವು. ಅಂಗಾತ ಈಜುತ್ತವೆ, ಹೊಟ್ಟೆ ಮೇಲಕ್ಕೆ. ಹನ್ನೊಂದು ಜೊತೆ ಕಾಲು ಗಾಳಿಗೆ ರಾಗಿ ಹೊಲ ತೂಗಿದ ಹಾಗೆ ಸಾಲಾಗಿ ಅಲೆಯುತ್ತವೆ. ಮೈ ಗಾಜಿನಂತೆ, ಕರುಳಿನ ಹಸಿರು ಗೆರೆ ಆಚೆಗೆ ಕಾಣುತ್ತದೆ. ಹೆಣ್ಣಿಗೆ ಬಾಲದ ಬುಡದಲ್ಲಿ ಮೊಟ್ಟೆ ಚೀಲ. ಟಬ್ ಎತ್ತಿಕೊಂಡು ಕಾಲೇಜಿಗೆ ಹೋದೆ. ಜೀವಶಾಸ್ತ್ರದ ಮೇಷ್ಟ್ರು ಗಂಡಿನ ತಲೆ ನೋಡಿ ‘ಸ್ಟ್ರೆಪ್ಟೊಸೆಫಾಲಸ್ ಕಣ್ರೀ’ ಅಂದರು. ಫೇರಿ ಶ್ರಿಂಪ್‌ಗಳ ಒಂದು ಕುಲದ ಹೆಸರು ಅದು. ನಕ್ಕಿದ್ದ ಗೆಳೆಯರಿಗೆ ಅವತ್ತು ಮಿರ್ಚಿ ಮಂಡಕ್ಕಿ ನಾನೇ ಕೊಡಿಸಿದೆ.

ಆ ವರ್ಷ ರೋಹಿಣಿ ಮಳೆ ಚೆನ್ನಾಗಿ ಬಂತು. ಕಟ್ಟೆಗೆ ನೀರು ನಿಂತ ಎರಡನೇ ಭಾನುವಾರ ಇಪ್ಪತ್ತು ಬಾಚಿಗೆ ಅರವತ್ತಕ್ಕೂ ಜಾಸ್ತಿ ಸಿಗಡಿ. ಆರಿದ್ರಾ ಮಳೆ ಹೊತ್ತಿಗೆ ಐದೋ ಆರೋ. ಅಷ್ಟರಲ್ಲಿ ಬೇಟೆಗಾರರು ಬಂದಿರುತ್ತಾರೆ. ಅಂಗಾತ ಈಜುವ ತಿಗಣೆಗಳು, ಏರೋಪ್ಲೇನ್ ಚಿಟ್ಟೆಯ ಮರಿಗಳು. ಆಗಸ್ಟಿನ ಒಂದು ಬೆಳಿಗ್ಗೆ ಒಂದೇ ದಂಡೆಯ ಹುಲ್ಲಿನಲ್ಲಿ ಆ ಚಿಟ್ಟೆ ಮರಿಗಳು ಕಳಚಿಟ್ಟ ಪೊರೆ ನೂರ ನಲವತ್ತರಷ್ಟು ಎಣಿಸಿದ್ದೆ. ಆಫ್ರಿಕಾಕ್ಕೆ ಹಾರುವ ಜಾತಿ ಅದು, ನಮ್ಮ ಎಮ್ಮೆ ಗುಂಡಿಯಲ್ಲಿ ಬೆಳೆದು ಹೋಗುತ್ತದೆ.

ಕಟ್ಟೆ ನೀರಿನ ಟಿಡಿಎಸ್ ಜೂನ್‌ನಲ್ಲಿ 80ರ ಹತ್ತಿರ ಇತ್ತು, ಫೆಬ್ರವರಿಗೆ 600 ದಾಟಿತು. 2025ರ ಜನವರಿಯಲ್ಲಿ ವಾಣಿವಿಲಾಸ ಸಾಗರ ಮೂರನೇ ಸಲ ಕೋಡಿ ಬಿತ್ತು, ಊರಿಗೆ ಊರೇ ನೋಡಲು ಹೋಯಿತು. ಅಲ್ಲಿಗೆ ಭದ್ರಾ ನೀರೂ ಬರುತ್ತದೆ. ನನ್ನ ಕಟ್ಟೆಗೆ ಮಳೆಯೊಂದೇ ಗತಿ, ಅವತ್ತು ಇದರಲ್ಲಿ ಮೊಣಕಾಲು ನೀರು. ಮಾರ್ಚ್‌ಗೆ ಮತ್ತೆ ಬಿರುಕು. ಈ ಸಲ ಖುಷಿಯಿಂದ ಬಾಟಲಿ ಹಿಡಿದು ಹೋದೆ.

ಅಂದಹಾಗೆ, ಮೀನಿಲ್ಲದ ವರ್ಷ ಸೊಳ್ಳೆ ಮರಿ ಜಾಸ್ತಿ ಆಗಲಿಲ್ಲ. ಆ ತಿಗಣೆಗಳೇ ಸಾಕಾದವು. ಮೊನ್ನೆ ಮತ್ತೆ ಮೀನು ಬಿಡುವವರು ಬಂದಿದ್ದರಂತೆ. ದನ ಕಾಯುವ ಹುಡುಗರು ‘ಸಾರ್ ಇದರಲ್ಲಿ ಸಿಗಡಿ ಬಿಟ್ಟಿದ್ದಾರೆ, ಮೀನು ಬಿಟ್ಟರೆ ಜಗಳ ಆಗುತ್ತೆ’ ಅಂತ ವಾಪಸ್ ಕಳಿಸಿದ್ದಾರೆ. ನಾನು ಬಿಟ್ಟಿದ್ದಲ್ಲ ಅಂತ ತಿದ್ದಲು ಹೋಗಿಲ್ಲ.